ಬಿಸಿಲನ್ನು ರಾತ್ರಿಗೆ ಉಳಿಸುವ ಗೋಡೆ

ಮೂರು ಕಡೆ ದಪ್ಪನೆಯ ಮಣ್ಣಿನ ಗೋಡೆ, ದಕ್ಷಿಣಕ್ಕೆ ಇಳಿಜಾರಾಗಿ ಬಿಗಿದ ಪಾಲಿಥಿನ್ ಹಾಳೆ, ಒಳಗೆ ಸೊಪ್ಪಿನ ಮಡಿಗಳು. ಲಡಾಖ್‌ನ ಸೌರ ಹಸಿರುಮನೆಯ ಹೊರನೋಟ ಇಷ್ಟೇ. ಅದರೊಳಗೆ ಒಲೆಯಿಲ್ಲ, ಹೀಟರ್ ಇಲ್ಲ, ವಿದ್ಯುತ್ ಸಂಪರ್ಕವೂ ಇಲ್ಲ. ಹೊರಗೆ ರಾತ್ರಿಯ ಉಷ್ಣಾಂಶ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಕುಸಿಯುವ ಜನವರಿಯಲ್ಲೂ ಅಲ್ಲಿ ಪಾಲಕ್, ಕೊತ್ತಂಬರಿ, ಮೆಂತ್ಯ ಹಸಿರಾಗಿರುತ್ತವೆ. ಹಗಲು ಬೀಳುವ ಬಿಸಿಲೇ ಅದರ ಇಂಧನ. ಆ ಬಿಸಿಲಿನ ಕಾವನ್ನು ಮರುದಿನ ಬೆಳಗಿನವರೆಗೆ ಕಾಪಿಡುವುದೇ ಅದರ ವಿದ್ಯೆ. ಕಳೆದ ಕೆಲವು ದಶಕಗಳಲ್ಲಿ ಈ ವಿದ್ಯೆ ಹಿಮಾಲಯದ ಶೀತ ಮರುಭೂಮಿಯ ಅನೇಕ ಹಳ್ಳಿಗಳ ಚಳಿಗಾಲದ ಊಟವನ್ನೇ ಬದಲಿಸಿದೆ.

ಚಳಿಯೂ ಹೆಚ್ಚು, ಬಿಸಿಲೂ ಹೆಚ್ಚು

ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಮುಂಗಾರಿನ ಮೋಡಗಳನ್ನು ಹಿಮಾಲಯದ ಸಾಲುಗಳೇ ತಡೆಯುವುದರಿಂದ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಸೇರಿ ಸುಮಾರು 100 ಮಿಲಿಮೀಟರ್ ಮಾತ್ರ. ಬಯಲಿನಲ್ಲಿ ಬೆಳೆ ಬೆಳೆಯಬಹುದಾದ ಕಾಲ ನಾಲ್ಕೈದು ತಿಂಗಳು. ಇನ್ನೂ ಎತ್ತರದ ಚಾಂಗ್‌ಥಾಂಗ್ ಸೀಮೆಯಲ್ಲಿ ಅದಕ್ಕಿಂತ ಕಡಿಮೆ. ಕಾಶ್ಮೀರದಿಂದ ಬರುವ ಝೋಜಿಲಾ ಕಣಿವೆದಾರಿ, ಮನಾಲಿಯಿಂದ ಬರುವ ರಸ್ತೆ ಎರಡೂ ಹಿಮದಿಂದ ಮುಚ್ಚಿ ತಿಂಗಳುಗಟ್ಟಲೆ ಸಂಚಾರವಿರುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಮುಚ್ಚುವ ಅವಧಿ ಕಡಿಮೆಯಾಗಿದ್ದರೂ ಚಳಿಗಾಲದ ತಾಜಾ ತರಕಾರಿ ಬಹುಪಾಲು ವಿಮಾನದಲ್ಲಿ ಬರಬೇಕು, ವಿಮಾನದ ಬೆಲೆಯನ್ನೇ ತೆರಬೇಕು. ಹಿಂದಿನವರು ಆಲೂಗಡ್ಡೆ, ಟರ್ನಿಪ್, ಗಜ್ಜರಿ, ಎಲೆಕೋಸುಗಳನ್ನು ನೆಲದಡಿಯ ಕುಳಿಗಳಲ್ಲಿ ಹೂತಿಟ್ಟು, ಸೊಪ್ಪನ್ನು ಒಣಗಿಸಿ ಇಟ್ಟುಕೊಂಡು ಚಳಿಗಾಲ ಕಳೆಯುತ್ತಿದ್ದರು. ಹಸಿ ಸೊಪ್ಪು ಕಾಣುತ್ತಿದ್ದುದು ಮತ್ತೆ ಬೇಸಿಗೆಗೇ.

ಆದರೆ ಇದೇ ನಾಡಿನಲ್ಲಿ ವರ್ಷಕ್ಕೆ 300ಕ್ಕೂ ಹೆಚ್ಚು ದಿನ ಬಿಸಿಲು ಬೀಳುತ್ತದೆ. ಗಾಳಿ ತೆಳು, ಲೇಹ್‌ನಲ್ಲಿ ವಾಯುಭಾರ ಸಮುದ್ರಮಟ್ಟದ ಮೂರನೇ ಎರಡರಷ್ಟು. ತೇವ ಕಡಿಮೆ, ದೂಳು ಕಡಿಮೆ. ಹೀಗಾಗಿ ಚಳಿಗಾಲದ ನಡುಹಗಲಿನ ಬಿಸಿಲೂ ಇಲ್ಲಿ ಚುರುಗುಟ್ಟುತ್ತದೆ. ಚಾಂಗ್‌ಥಾಂಗ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ವೀಕ್ಷಣಾಲಯವನ್ನು ಸ್ಥಾಪಿಸಿದ್ದೂ ಈ ತಿಳಿಯಾದ, ಒಣ ಆಕಾಶಕ್ಕಾಗಿಯೇ. ಅದೇ ತಿಳಿ ಆಕಾಶ ರಾತ್ರಿ ಇನ್ನೊಂದು ಕೆಲಸ ಮಾಡುತ್ತದೆ: ನೆಲದ ಕಾವೆಲ್ಲ ತಡೆಯಿಲ್ಲದೆ ಮೇಲಕ್ಕೆ ಹೊರಟುಹೋಗುತ್ತದೆ. ಹಗಲು ಧಾರಾಳವಾಗಿ ಸಿಗುವುದು ರಾತ್ರಿ ಅಷ್ಟೇ ಬೇಗ ನಷ್ಟವಾಗುವುದು ಇಲ್ಲಿನ ಹವೆಯ ಲಕ್ಷಣ. ಆದ್ದರಿಂದ ಲಡಾಖ್‌ನ ಹಸಿರುಮನೆ ಎದುರಿಸಬೇಕಾದ ಪ್ರಶ್ನೆ ಕಾವನ್ನು ಹೇಗೆ ಹುಟ್ಟಿಸುವುದು ಎಂಬುದಲ್ಲ, ಬಂದದ್ದನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದು.

ಹಾಳೆಯೊಳಗೆ ಬಿಸಿ ಏಕೆ ನಿಲ್ಲುತ್ತದೆ

ಗಾಜು ಬಿಸಿಲನ್ನು ಒಳಗೆ ಬಿಟ್ಟು, ಒಳಗಿನ ಶಾಖವಿಕಿರಣವನ್ನು ಹೊರಗೆ ಬಿಡದಿರುವುದರಿಂದಲೇ ಹಸಿರುಮನೆ ಬಿಸಿಯಾಗುತ್ತದೆ ಎಂಬುದು ಬಹುಕಾಲದ ನಂಬಿಕೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಇದನ್ನು ಸರಳವಾಗಿ ಪರೀಕ್ಷಿಸಿದರು. ಒಂದು ಪೆಟ್ಟಿಗೆಗೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖವಿಕಿರಣವನ್ನು ಸರಾಗವಾಗಿ ಹೊರಬಿಡುವ ಕಲ್ಲುಪ್ಪಿನ ಹಲಗೆಯ ಮುಚ್ಚಳ ಹಾಕಿ ಬಿಸಿಲಿಗಿಟ್ಟರು. ಎರಡೂ ಪೆಟ್ಟಿಗೆಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಿಸಿಯಾದವು. ಬಿಸಿಯಾದ ಗಾಳಿ ಮೇಲೆದ್ದು ಹೊರಗೆ ಹೋಗದಂತೆ ತಡೆಯುವುದೇ ಮುಚ್ಚಳದ ಮುಖ್ಯ ಕೆಲಸ ಎಂಬುದು ಇದರಿಂದ ತಿಳಿಯಿತು.

ಲಡಾಖ್‌ನಲ್ಲಿ ಬಳಸುವ ಪಾಲಿಥಿನ್ ಹಾಳೆಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಸಾಮಾನ್ಯ ಪಾಲಿಥಿನ್ ಶಾಖವಿಕಿರಣದ ದೊಡ್ಡ ಪಾಲನ್ನು ಗಾಜಿನಂತೆ ತಡೆಯುವುದಿಲ್ಲ, ಹೊರಗೆ ಬಿಟ್ಟುಬಿಡುತ್ತದೆ. ಅದರ ಒಳಮೈಗೆ ಕಟ್ಟುವ ಇಬ್ಬನಿ ಒಂದಿಷ್ಟು ತಡೆಯೊಡ್ಡುತ್ತದೆ, ಆದರೆ ಚಳಿಗಾಲದ ರಾತ್ರಿಗೆ ಅದು ಸಾಲದು. ಬರೀ ಪಾಲಿಥಿನ್ ಹೊದಿಸಿದ ಕಮಾನಿನ ಪಾಲಿಹೌಸ್ ಲಡಾಖ್‌ನ ಜನವರಿಯಲ್ಲಿ ಹಗಲು ಚೆನ್ನಾಗಿಯೇ ಬಿಸಿಯಾಗುತ್ತದೆ. ಆದರೆ ಸೂರ್ಯ ಮುಳುಗಿದ ಕೆಲವೇ ತಾಸಿನಲ್ಲಿ ಹೆಚ್ಚುಕಡಿಮೆ ಹೊರಗಿನಷ್ಟೇ ತಣ್ಣಗಾಗಿ ಒಳಗಿನ ಸಸಿಗಳು ಹೆಪ್ಪುಗಟ್ಟುತ್ತವೆ. ವರ್ಷವಿಡೀ ಬೆಳೆ ತೆಗೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಚಳಿಗಾಲದ ತಗ್ಗಿನ ಸೂರ್ಯನ ಬಿಸಿಲು ಗರಿಷ್ಠ ಪ್ರಮಾಣದಲ್ಲಿ ಒಳಗೆ ಬರಬೇಕು. ಆ ಕಾವನ್ನು ಹೀರಿಕೊಳ್ಳಲು ಒಳಗೆ ಭಾರವಾದ ವಸ್ತು ಇರಬೇಕು. ರಾತ್ರಿ ಅದು ಸೋರದಂತೆ ಎಲ್ಲ ಕಡೆಯೂ ಶಾಖತಡೆ ಇರಬೇಕು. ಮನೆಯ ಪ್ರತಿಯೊಂದು ಭಾಗವೂ ಈ ಮೂರರಲ್ಲಿ ಯಾವುದಾದರೊಂದಕ್ಕೆ ದುಡಿಯುತ್ತದೆ.

ದಿಕ್ಕು ಮತ್ತು ಇಳಿಜಾರು

ಹಸಿರುಮನೆಯ ಉದ್ದ ಪೂರ್ವ–ಪಶ್ಚಿಮವಾಗಿರುತ್ತದೆ, ಹಾಳೆಯ ಮುಖ ದಕ್ಷಿಣಕ್ಕೆ. ಲೇಹ್ ಇರುವುದು ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 32 ಡಿಗ್ರಿಯಷ್ಟೇ ಮೇಲಿರುತ್ತಾನೆ. ಜೂನ್‌ನಲ್ಲಿ ಅದೇ ಸೂರ್ಯ 79 ಡಿಗ್ರಿಗೆ, ಅಂದರೆ ಬಹುತೇಕ ನೆತ್ತಿಗೆ ಬರುತ್ತಾನೆ. ಹಾಳೆಗೆ ನೇರವಾಗಿ ಬಡಿದ ಬಿಸಿಲು ಒಳಗೆ ಹೋಗುತ್ತದೆ. ತೀರಾ ಓರೆಯಾಗಿ ಬಿದ್ದದ್ದು ಜಾರಿ ಪ್ರತಿಫಲಿಸುತ್ತದೆ. ಡಿಸೆಂಬರ್‌ನ ನಡುಹಗಲಿನ ಬಿಸಿಲು ಹಾಳೆಗೆ ಸರಿಯಾಗಿ ಲಂಬವಾಗಿ ಬೀಳಬೇಕಾದರೆ ಹಾಳೆ ನೆಲಕ್ಕೆ ಸುಮಾರು 58 ಡಿಗ್ರಿ ಓರೆಯಲ್ಲಿರಬೇಕು. ಇಡೀ ಮುಂಭಾಗವನ್ನು ಅಷ್ಟು ಕಡಿದಾಗಿ ಕಟ್ಟಿದರೆ ಮನೆ ಬಹಳ ಎತ್ತರವಾಗಿ ಖರ್ಚು ಏರುತ್ತದೆ. ಹಾಗಾಗಿ ಹಾಳೆಯ ಕೆಳಭಾಗ ಕಡಿದಾಗಿ, ಮೇಲ್ಭಾಗ ಮಟ್ಟಸವಾಗಿ ಎರಡು ಇಳಿಜಾರುಗಳಲ್ಲಿ ಇಳಿಯುತ್ತದೆ. ಲಂಬದಿಂದ ಸ್ವಲ್ಪ ಅತ್ತಿತ್ತ ಸರಿದರೂ ಒಳಬರುವ ಬೆಳಕು ಅಷ್ಟೇನೂ ಕಡಿಮೆಯಾಗುವುದಿಲ್ಲ ಎಂಬ ಕಾರಣದಿಂದ ಈ ಹೊಂದಾಣಿಕೆ ಸಾಧ್ಯವಾಗಿದೆ.

ಉತ್ತರದ ಕಡೆಯ ಮಾಡು ಪಾರದರ್ಶಕವಲ್ಲ. ಪಾಪ್ಲರ್ ಮರದ ತೊಲೆ, ಅದರ ಮೇಲೆ ವಿಲ್ಲೋ ಕಡ್ಡಿ, ಹುಲ್ಲು, ಮಣ್ಣು ಹೀಗೆ ಲಡಾಖ್‌ನ ಮನೆಗಳ ಮಾಡಿನಂತೆಯೇ ಅದನ್ನು ಕಟ್ಟುತ್ತಾರೆ. ಚಳಿಗಾಲದಲ್ಲಿ ಉತ್ತರದ ಕಡೆಯಿಂದ ನೇರ ಬಿಸಿಲಿನ ಒಂದು ಕಿರಣವೂ ಬರುವುದಿಲ್ಲ. ಆ ಕಡೆ ಹಾಳೆ ಹಾಕಿದರೆ ಸೋರಿಕೆ ಮಾತ್ರ ಲಾಭ. ಮಾಡಿನ ಓರೆಯನ್ನು ಸುಮಾರು 35 ಡಿಗ್ರಿಗೆ ಇಡುವುದಕ್ಕೂ ಕಾರಣವಿದೆ. ಡಿಸೆಂಬರ್‌ನ ತಗ್ಗಿನ ಬಿಸಿಲು ಆ ಮಾಡಿನ ಕೆಳಗೆ ನುಗ್ಗಿ ಹಿಂಬದಿಯ ಗೋಡೆಯನ್ನು ಮೇಲಿನ ತುದಿಯವರೆಗೂ ತಾಕುತ್ತದೆ. ಸೂರ್ಯ ಮೇಲೇರುವ ಬೇಸಿಗೆಯಲ್ಲಿ ಅದೇ ಮಾಡು ಗೋಡೆಗೆ ನೆರಳಾಗುತ್ತದೆ. ಋತುಮಾನಕ್ಕೆ ತಕ್ಕಂತೆ ಏನನ್ನೂ ತಿರುಗಿಸದೆ, ಬದಲಿಸದೆ, ಗೋಡೆ ಬೇಕಾದಾಗ ಕಾಯುತ್ತದೆ, ಬೇಡವಾದಾಗ ತಂಪಾಗಿರುತ್ತದೆ.

ನಿವೇಶನ ಆಯುವಾಗ ಇಷ್ಟೇ ಎಚ್ಚರ ಬೇಕು. ಕಣಿವೆಯ ಊರುಗಳಲ್ಲಿ ದಕ್ಷಿಣದ ಬೆಟ್ಟದ ನೆರಳು ಚಳಿಗಾಲದಲ್ಲಿ ಬಹಳ ಹೊತ್ತು ಹೊಲದ ಮೇಲಿರುತ್ತದೆ. ಬೇಸಿಗೆಯಲ್ಲಿ ನಿಚ್ಚಳ ಬಿಸಿಲಿದ್ದ ಜಾಗ ಡಿಸೆಂಬರ್‌ನಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗಬಹುದು. ಚಳಿಗಾಲದ ನೆರಳನ್ನು ಕಣ್ಣಾರೆ ನೋಡಿ ಜಾಗ ಗುರುತಿಸುವುದೇ ಸರಿಯಾದ ಕ್ರಮ.

ಮೂರು ಪದರದ ಗೋಡೆ

ಉತ್ತರ, ಪೂರ್ವ, ಪಶ್ಚಿಮದ ಗೋಡೆಗಳು ನಿಜವಾಗಿ ಮೂರು ಪದರಗಳವು. ಹೊರಗೆ ಸುಡದ ಮಣ್ಣಿನ ಇಟ್ಟಿಗೆ, ಬಡಿದು ಕಟ್ಟಿದ ಮಣ್ಣು ಅಥವಾ ಕಲ್ಲಿನ ಗೋಡೆ. ಅದು ಮಾಡಿನ ಭಾರ ಹೊರುತ್ತದೆ. ಒಳಗೆ ಮತ್ತೊಂದು ಮಣ್ಣಿನ ಇಟ್ಟಿಗೆಯ ಗೋಡೆ. ಅದು ಕಾವನ್ನು ತುಂಬಿಕೊಳ್ಳುತ್ತದೆ. ಇವೆರಡರ ನಡುವೆ ಸುಮಾರು ಒಂದು ಗೇಣಿಗಿಂತ ಕಿರಿದಾದ ಸಂದು; ಅದರಲ್ಲಿ ಒಣಹುಲ್ಲು, ಮರದ ಹೊಟ್ಟು ಇಲ್ಲವೆ ಒಣ ಎಲೆಗಳನ್ನು ಒತ್ತಿ ತುಂಬುತ್ತಾರೆ. ಹುಲ್ಲಿನ ನಡುವೆ ಅಲುಗಾಡದೆ ನಿಂತ ಗಾಳಿ ಶಾಖಕ್ಕೆ ಒಳ್ಳೆಯ ತಡೆ. ಈ ಹುಲ್ಲು ನೆನೆದರೆ ತಡೆಯುವ ಗುಣ ಹೋಗುತ್ತದೆ. ಆದ್ದರಿಂದ ಗೋಡೆಯ ಬುಡಕ್ಕೆ ಕಲ್ಲಿನ ಅಡಿಪಾಯ, ತಲೆಗೆ ಗಟ್ಟಿ ಮುಚ್ಚಳ ಕಡ್ಡಾಯ.

ಶಾಖತಡೆ ಗೋಡೆಯ ಒಳಮೈಯಲ್ಲಿ ಇರಬಾರದು, ಕಾವು ತುಂಬಿಕೊಳ್ಳುವ ಗೋಡೆಯ ಹಿಂದೆ ಇರಬೇಕು ಎಂಬುದು ಇಲ್ಲಿನ ಮುಖ್ಯ ಸೂತ್ರ. ಆಗ ಗೋಡೆ ಹಗಲು ಹೀರಿದ ಕಾವು ರಾತ್ರಿ ಒಳಕ್ಕೇ ಮರಳುತ್ತದೆ. ಬೇಸಿಗೆಯ ಹಗಲು ಕಾದ ಆರ್‌ಸಿಸಿ ತಾರಸಿ ರಾತ್ರಿ ಹತ್ತಾದರೂ ಮಲಗುವ ಕೋಣೆಗೆ ಸೆಕೆ ಸುರಿಸುತ್ತಿರುತ್ತದೆ. ಬಯಲುಸೀಮೆಯ ಮನೆಗಳಲ್ಲಿ ಕಾಟವಾಗುವ ಆ ಗುಣವೇ ಇಲ್ಲಿ ಬೆಳೆ ಕಾಯುತ್ತದೆ. ದಪ್ಪ ಗೋಡೆಯ ಆಳಕ್ಕೆ ಕಾವು ಇಳಿಯಲು ಹೊತ್ತು ಬೇಕು, ಅದು ಮರಳಿ ಹೊರಬರಲೂ ಅಷ್ಟೇ ಹೊತ್ತು ಬೇಕು. ಮಧ್ಯಾಹ್ನ ಹೀರಿದ್ದು ನಡುರಾತ್ರಿಯಲ್ಲಿ ಹೊರಬರುತ್ತದೆ.

ಗೋಡೆಗೆ ಬಳಿಯುವ ಬಣ್ಣಕ್ಕೂ ಲೆಕ್ಕವಿದೆ. ಬೆಳಗಿನ ಬಿಸಿಲು ಪೂರ್ವದಿಂದ ಬಂದು ಪಶ್ಚಿಮದ ಗೋಡೆಗೆ ತಾಕುತ್ತದೆ. ರಾತ್ರಿಯಿಡೀ ಚಳಿಯಲ್ಲಿದ್ದ ಗಿಡಗಳಿಗೆ ಆಗ ಬೇಕಾದದ್ದು ತಕ್ಷಣದ ಬೆಳಕು ಮತ್ತು ಬಿಸಿ. ಹಾಗಾಗಿ ಆ ಗೋಡೆಗೆ ಬಿಳಿ ಬಳಿದು ಬಿಸಿಲನ್ನು ಮಡಿಗಳತ್ತ ತಿರುಗಿಸುತ್ತಾರೆ. ಸಂಜೆಯ ಬಿಸಿಲು ಪಶ್ಚಿಮದಿಂದ ಬಂದು ಪೂರ್ವದ ಗೋಡೆಗೆ ಬೀಳುತ್ತದೆ. ಆಗ ರಾತ್ರಿಗೆ ಕೂಡಿಡುವುದು ಮುಖ್ಯ. ಆ ಗೋಡೆಗೆ ಕಪ್ಪು ಬಣ್ಣ. ಉತ್ತರದ ದೊಡ್ಡ ಗೋಡೆಗೆ ಮೇಲೆ ಕಪ್ಪು, ಗಿಡಗಳ ಎತ್ತರದ ಕೆಳಭಾಗಕ್ಕೆ ಬಿಳಿ. ಹಿಂದಿನ ಸಾಲಿನ ಗಿಡಗಳಿಗೆ ಈ ಬಿಳಿ ಪಟ್ಟಿಯಿಂದ ಎರಡನೆಯ ಬೆಳಕು ಸಿಗುತ್ತದೆ.

ರಾತ್ರಿಯ ಹೊದಿಕೆ

ಇಷ್ಟೆಲ್ಲ ಗೋಡೆ ಕಟ್ಟಿಯೂ ಮನೆಯ ಅತಿ ದುರ್ಬಲ ಭಾಗ ದಕ್ಷಿಣದ ಹಾಳೆಯೇ. ಒಂದು ಅಂದಾಜು ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಸುಮಾರು 10 ಮೀಟರ್ ಉದ್ದದ ಮನೆಗೆ 50 ಚದರ ಮೀಟರ್ ಹಾಳೆ ಇದೆ ಎಂದುಕೊಂಡರೆ, ಪ್ರತಿ ಚದರ ಮೀಟರಿನಿಂದ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 6 ವಾಟ್‌ನಂತೆ ಶಾಖ ಸೋರುತ್ತದೆ. ಹೊರಗೆ ಮೈನಸ್ 12, ಒಳಗೆ 4 ಡಿಗ್ರಿ ಇದ್ದರೆ ವ್ಯತ್ಯಾಸ 16 ಡಿಗ್ರಿ. ಅಂದರೆ 4,800 ವಾಟ್ ನಷ್ಟ. 14 ತಾಸಿನ ರಾತ್ರಿಗೆ ಸುಮಾರು 67 ಯೂನಿಟ್ (ಕಿಲೋವಾಟ್ ಗಂಟೆ).

ಇನ್ನು ಉಳಿತಾಯದ ಲೆಕ್ಕ. ಒಳಗೋಡೆ 10 ಮೀಟರ್ ಉದ್ದ, 2 ಮೀಟರ್ ಎತ್ತರ, 30 ಸೆಂಟಿಮೀಟರ್ ದಪ್ಪವಿದ್ದು, ರಾತ್ರಿಯಲ್ಲಿ 10 ಡಿಗ್ರಿ ತಣಿದರೆ ಸುಮಾರು 23 ಯೂನಿಟ್ ಶಾಖ ಕೊಡುತ್ತದೆ. ಮಡಿಗಳ ಹಸಿ ಮಣ್ಣಿನ ಮೇಲಿನ 20 ಸೆಂಟಿಮೀಟರ್ ಪದರ 5 ಡಿಗ್ರಿ ತಣಿದರೆ ಇನ್ನೊಂದು 25 ಯೂನಿಟ್. ಎರಡೂ ಸೇರಿ 48. ನಷ್ಟ 67, ಗಳಿಕೆ 48. ಬೆಳಗಿನ ಜಾವಕ್ಕೆ ಬೆಳೆ ಹೆಪ್ಪುಗಟ್ಟುತ್ತದೆ. ಸೂರ್ಯಾಸ್ತಕ್ಕೆ ಸರಿಯಾಗಿ ಹಾಳೆಯ ಅಡಿಯಲ್ಲಿ ಒಂದು ಪರದೆ ಎಳೆದು ಸೋರಿಕೆಯನ್ನು ಅರ್ಧಕ್ಕೆ ಇಳಿಸಿದರೆ ನಷ್ಟ ಸುಮಾರು 34 ಯೂನಿಟ್‌ಗೆ ಬರುತ್ತದೆ. ಆಗ ಸಂದಿಗೊಂದಿಯ ಸೋರಿಕೆಯನ್ನೂ ತಾಳಿಕೊಂಡು ಮನೆ ಬೆಳಗು ಕಾಣುತ್ತದೆ. ವರ್ಷವಿಡೀ ಬೆಳೆಯುವ ಹಸಿರುಮನೆಗೂ ನವೆಂಬರ್‌ಗೇ ನಿಂತುಹೋಗುವ ಹಸಿರುಮನೆಗೂ ಇರುವ ವ್ಯತ್ಯಾಸ ಬಹುಪಾಲು ಈ ಪರದೆಯದು.

ಲಡಾಖ್‌ನಲ್ಲಿ ಇದಕ್ಕೆ ಹಳೆಯ ಪ್ಯಾರಾಚೂಟ್ ಬಟ್ಟೆ, ಟಾರ್ಪಾಲಿನ್, ದಪ್ಪ ಬಟ್ಟೆಗಳನ್ನು ಬಳಸುತ್ತಾರೆ. ಹಗ್ಗ ಎಳೆದರೆ ಸರಿಯುವಂತೆ ತಂತಿಗೆ ಪೋಣಿಸುತ್ತಾರೆ. ಕೆಲವರು ಎರಡು ಪದರದ ಪಾಲಿಥಿನ್ ಹಾಕಿ ನಡುವೆ ಗಾಳಿಯ ಸಂದು ಬಿಡುತ್ತಾರೆ. ಅದರಿಂದ ಸೋರಿಕೆ ಇಳಿಯುವುದು ನಿಜ, ಆದರೆ ಪ್ರತಿ ಹೆಚ್ಚುವರಿ ಪದರ ಹಗಲಿನ ಬೆಳಕಿನಲ್ಲೂ ಪಾಲು ಕೀಳುತ್ತದೆ. ಪರದೆಗೆ ಆ ದೋಷವಿಲ್ಲ. ಬೆಳಗ್ಗೆ ಸರಿಸಿದರೆ ಆಯಿತು. ಸಂಜೆ ಎಳೆಯಲು, ಬೆಳಗ್ಗೆ ಸರಿಸಲು ಮನೆಯಲ್ಲೊಬ್ಬರು ಇರಬೇಕು ಎಂಬುದಷ್ಟೇ ಅದರ ಷರತ್ತು. ಬಾಗಿಲಿನ ಸಂದು, ಹಾಳೆಯ ಅಂಚು, ಕಿಂಡಿಯ ಚೌಕಟ್ಟುಗಳನ್ನು ಮಣ್ಣು ಮೆತ್ತಿ ಮುಚ್ಚುವ ಕೆಲಸವೂ ಇದರ ಜೊತೆಗೇ ಸೇರಿದ್ದು.

ನೆಲ, ಕುಳಿ ಮತ್ತು ನೀರು

ಭೂಮಿಯೊಳಗೆ ಇಳಿದಷ್ಟೂ ಚಳಿಗಾಲದ ಚಳಿ ಕಡಿಮೆ. ಇದನ್ನು ಬಳಸಿಕೊಂಡು ಹಸಿರುಮನೆಯ ಒಳನೆಲವನ್ನು ಹೊರಗಿನದಕ್ಕಿಂತ ಒಂದೂವರೆ ಅಡಿಯಷ್ಟು ತಗ್ಗಿಸುವ ರೂಢಿಯಿದೆ. ಇನ್ನೂ ಮುಂದೆ ಹೋಗಿ ಪೂರ್ತಿ ಕುಳಿಯನ್ನೇ ತೋಡಿ ಮೇಲೆ ಹಾಳೆ ಹೊದಿಸುವ ಕಂದಕದ ಹಸಿರುಮನೆಗಳೂ ಲಡಾಖ್‌ನಲ್ಲಿವೆ. ಲೇಹ್‌ನಲ್ಲಿ 1962ರಲ್ಲಿ ಕ್ಷೇತ್ರ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ, ಇಂದು ಡಿಹಾರ್ ಎಂದು ಕರೆಯಲಾಗುವ ಡಿಆರ್‌ಡಿಒದ ಉನ್ನತ ಪ್ರದೇಶ ಸಂಶೋಧನಾ ಸಂಸ್ಥೆ ಗಡಿಯ ಸೈನಿಕರಿಗೂ ರೈತರಿಗೂ ಇಂಥ ಮಾದರಿಗಳನ್ನು ರೂಪಿಸಿದೆ. ಇಟ್ಟಿಗೆ ಬೇಡ, ತೊಲೆ ಹೆಚ್ಚು ಬೇಡ. ಗುದ್ದಲಿ ಮತ್ತು ಹಾಳೆ ಇದ್ದರೆ ಸಾಕು ಎಂಬುದು ಕಂದಕದ ಗುಣ.

ಅದಕ್ಕೆ ಮಿತಿಯೂ ಇದೆ. ಡಿಸೆಂಬರ್‌ನ ಸೂರ್ಯ 32 ಡಿಗ್ರಿಯಲ್ಲಿದ್ದಾಗ ಮೂರು ಅಡಿ ಆಳದ ಕಂದಕದ ದಕ್ಷಿಣದ ಗೋಡೆ ನಡುಹಗಲಲ್ಲೂ ಸುಮಾರು ನಾಲ್ಕೂಮುಕ್ಕಾಲು ಅಡಿ ಉದ್ದದ ನೆರಳು ಚೆಲ್ಲುತ್ತದೆ. ಹತ್ತು ಅಡಿ ಅಗಲದ ಕುಳಿಯಲ್ಲಿ ಅರ್ಧಕ್ಕರ್ಧ ಮಡಿ ಬಿಸಿಲು ಕಾಣುವುದಿಲ್ಲ. ಸಮಭಾಜಕಕ್ಕೆ ಹತ್ತಿರವಾದ, ಸೂರ್ಯ ಎತ್ತರದಲ್ಲೇ ಇರುವ ಬೊಲಿವಿಯಾದ ಪ್ರಸ್ಥಭೂಮಿಯಲ್ಲಿ ವಲಿಪಿನಿ ಎಂಬ ನೆಲದಡಿಯ ಹಸಿರುಮನೆ ಚೆನ್ನಾಗಿ ನಡೆಯುತ್ತದೆ; ಅದನ್ನೇ ಉತ್ತರದ ನಾಡುಗಳಲ್ಲಿ ಅಳತೆ ಬದಲಿಸದೆ ನಕಲು ಮಾಡಿದರೆ ಕತ್ತಲ ಕುಳಿಯಾಗುತ್ತದೆ. ಸ್ವಲ್ಪ ತಗ್ಗಿಸಿ, ದಕ್ಷಿಣದ ಅಂಚನ್ನು ಗಿಡ್ಡವಾಗಿಡುವುದೇ ಲಡಾಖ್‌ಗೆ ಒಗ್ಗುವ ಮಧ್ಯಮಾರ್ಗ.

ಕಾವು ಕೂಡಿಡಲು ಮಣ್ಣಿಗಿಂತ ನೀರು ಬಲಶಾಲಿ. ಒಂದೇ ಗಾತ್ರದ ಮಣ್ಣಿನ ಇಟ್ಟಿಗೆ ಹಿಡಿಯುವುದರ ಸುಮಾರು ಮೂರು ಪಟ್ಟು ಶಾಖವನ್ನು ನೀರು ಹಿಡಿಯುತ್ತದೆ. ಕಪ್ಪು ಬಳಿದ 200 ಲೀಟರ್‌ನ ಒಂದು ಪೀಪಾಯಿ 10 ಡಿಗ್ರಿ ತಣಿದರೆ ಸುಮಾರು 2.3 ಯೂನಿಟ್ ಕೊಡುತ್ತದೆ. ಹತ್ತು ಪೀಪಾಯಿಗಳು ಮೇಲೆ ಹೇಳಿದ ಇಡೀ ಒಳಗೋಡೆಗೆ ಸಮ. ಆದರೆ ಅವು ಬಿಸಿಲಿನ ಜಾಗ ತಿನ್ನುತ್ತವೆ, ಖರೀದಿಸಬೇಕಾಗುತ್ತವೆ. ಮಣ್ಣು ಊರಲ್ಲೇ ಸಿಗುತ್ತದೆ. ಒಂದೆರಡು ಪೀಪಾಯಿ ಇಡುವುದು ಇನ್ನೊಂದು ಕಾರಣಕ್ಕೆ ಒಳ್ಳೆಯದು: ಗಿಡಗಳಿಗೆ ಹಿಮದಂಥ ನೀರಿನ ಬದಲು ಒಳಗೇ ಬೆಚ್ಚಗಾದ ನೀರನ್ನು ಹಾಕಬಹುದು.

ನೆಲದಡಿ ಕೊಳವೆ ಹೂತು ಮಧ್ಯಾಹ್ನದ ಬಿಸಿಗಾಳಿಯನ್ನು ಫ್ಯಾನ್ ಮೂಲಕ ಮಣ್ಣಿಗೆ ತುಂಬುವ ಪದ್ಧತಿ ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ. ಅಮೆರಿಕದ ನೆಬ್ರಾಸ್ಕದ ಅಲಯನ್ಸ್ ಎಂಬಲ್ಲಿ ನೆಲದಾಳದ ಗಾಳಿಯ ಬಲದಿಂದ ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳನ್ನು ಬೆಳೆದಿರುವ ಹಸಿರುಮನೆ ಪ್ರಸಿದ್ಧ. ಫ್ಯಾನ್ ತಿರುಗಲು ಸಣ್ಣ ಸೌರಫಲಕವಾದರೂ ಬೇಕು. ಅದು ಕೆಟ್ಟ ರಾತ್ರಿ ಬೆಳೆಯೂ ಕೆಡುತ್ತದೆ. ಚಲಿಸುವ ಭಾಗಗಳೇ ಇಲ್ಲದ ಗೋಡೆಗೆ ಆ ಭಯವಿಲ್ಲ.

ಬಿಸಿಯಷ್ಟೇ ಗಾಳಿಯೂ ಮುಖ್ಯ

ಬಿಗಿಯಾಗಿ ಮುಚ್ಚಿದ ಮನೆ ಚಳಿಗಾಲದ ಮಧ್ಯಾಹ್ನವೂ ಬೇಡದಷ್ಟು ಕಾಯುತ್ತದೆ. ಎಲೆಗಳಿಂದ ಹೊರಬಂದ ತೇವ ಹಾಳೆಗೆ ಕಟ್ಟಿ ಮತ್ತೆ ಎಲೆಯ ಮೇಲೇ ತೊಟ್ಟಿಕ್ಕುತ್ತದೆ. ಬೂಷ್ಟು, ಎಲೆ ಕೊಳೆ ಬರುವುದು ಹೀಗೆ. ಜೊತೆಗೆ ಗಿಡಗಳು ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿದಂತೆಲ್ಲ ಒಳಗಿನ ಗಾಳಿಯಲ್ಲಿ ಅದು ಹೊರಗಿನ ಮಟ್ಟಕ್ಕಿಂತಲೂ ಕೆಳಗಿಳಿದು ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ಬಾಗಿಲು ಒಂದು ಪಕ್ಕದಲ್ಲಿ, ಕಿಂಡಿ ಎದುರು ಗೋಡೆಯಲ್ಲಿ, ಬಿಸಿಗಾಳಿ ಹೋಗಲು ಮಾಡಿನಲ್ಲೊಂದು ಗವಾಕ್ಷಿ ಇರುತ್ತವೆ. ನಡುಹಗಲು ಸ್ವಲ್ಪ ಹೊತ್ತು ತೆರೆದು, ಬಿಸಿಲು ಇಳಿಯುವ ಮೊದಲೇ ಮುಚ್ಚಬೇಕು. ತಡವಾಗಿ ಮುಚ್ಚಿದ ಕಿಂಡಿ ರಾತ್ರಿಯ ಉಳಿತಾಯವನ್ನೇ ನುಂಗುತ್ತದೆ. ಚಳಿಗಾಲದಲ್ಲಿ ನೀರನ್ನು ಬೆಳಗ್ಗೆ, ಮಿತವಾಗಿ, ಎಲೆಗೆ ಬೀಳದಂತೆ ಬುಡಕ್ಕೆ ಕೊಡುವುದೂ ಇದೇ ಕಾರಣಕ್ಕೆ.

ಹನ್ನೆರಡು ತಿಂಗಳ ಬೆಳೆ

ಚಳಿಗಾಲಕ್ಕೆ ಪಾಲಕ್, ಕೊತ್ತಂಬರಿ, ಮೆಂತ್ಯ, ಲೆಟ್ಯೂಸ್, ಮೂಲಂಗಿ, ಈರುಳ್ಳಿ ಮತ್ತು ಬೆಳ್ಳುಳ್ಳಿಯ ಹಸಿ ಎಲೆ. ಇವು ನಾಲ್ಕೈದು ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತವೆ, ಒಂದು ರಾತ್ರಿಯ ಹಗುರ ಹೆಪ್ಪನ್ನೂ ತಾಳುತ್ತವೆ. ಟೊಮೆಟೊ, ಸೌತೆ, ದೊಣ್ಣೆ ಮೆಣಸಿನಕಾಯಿಗಳು 10 ಡಿಗ್ರಿಗಿಂತ ಕೆಳಗೆ ನರಳುತ್ತವೆ. ಅವುಗಳನ್ನು ಜನವರಿಯಲ್ಲಿ ಬಯಸುವುದು ಸಲ್ಲದು. ಡಿಸೆಂಬರ್‌ನಲ್ಲಿ ಲೇಹ್‌ನ ಹಗಲು ಹತ್ತು ತಾಸಿನಷ್ಟೇ ಇರುವುದರಿಂದ ಎಷ್ಟೇ ಬೆಚ್ಚಗಿಟ್ಟರೂ ಬೆಳವಣಿಗೆ ಮಂದವಾಗಿರುತ್ತದೆ. ಹೀಗಾಗಿ ಚಳಿಗಾಲದ ಸೊಪ್ಪನ್ನು ಶರತ್ಕಾಲದಲ್ಲೇ ಬಿತ್ತಿ, ಕಡುಚಳಿ ಬರುವ ಹೊತ್ತಿಗೆ ಗಿಡ ಬಲಿತಿರುವಂತೆ ನೋಡಿಕೊಳ್ಳುವುದು ಜಾಣತನ. ಮುಂದೆ ಚಳಿಯಿಡೀ ಹೊರ ಎಲೆಗಳನ್ನು ಕೊಯ್ಯುತ್ತ ಹೋಗಬಹುದು.

ಫೆಬ್ರವರಿ ಕೊನೆಯಿಂದ ಮನೆ ಸಸಿಮಡಿಯಾಗುತ್ತದೆ. ಎಲೆಕೋಸು, ಹೂಕೋಸು, ಟೊಮೆಟೊ ಸಸಿಗಳು ಇಲ್ಲಿ ಬೆಳೆದು, ನೆಲ ಕರಗಿದೊಡನೆ ಬಯಲಿಗೆ ಹೋಗುತ್ತವೆ. ಬೆಳೆಕಾಲವೇ ಚಿಕ್ಕದಾದ ನಾಡಿನಲ್ಲಿ ಇದು ದೊಡ್ಡ ಲಾಭ. ಬೇಸಿಗೆಯಲ್ಲಿ ಟೊಮೆಟೊ, ಸೌತೆ, ಬದನೆ, ಮೆಣಸಿನಕಾಯಿ. ಹೀಗೆ ವರ್ಷದ ಯಾವ ತಿಂಗಳೂ ಮಡಿ ಖಾಲಿಯಿರುವುದಿಲ್ಲ.

ಹಳ್ಳಿಗೆ ಬಂದ ಬಗೆ

ಸೂರ್ಯನ ಕಾವನ್ನು ಗೋಡೆಯಲ್ಲಿ ಹಿಡಿಯುವ ಆಧುನಿಕ ಪ್ರಯೋಗಗಳಲ್ಲಿ ಫ್ರಾನ್ಸ್‌ನ ಫೆಲಿಕ್ಸ್ ಟ್ರೋಂಬ್ 1967ರಲ್ಲಿ ಒಡೆಯೊದಲ್ಲಿ ಕಟ್ಟಿಸಿದ ಮನೆ ಹೆಸರಾಂತದ್ದು. ಲಡಾಖ್‌ನಲ್ಲಿ 1983ರಲ್ಲಿ ಆರಂಭವಾದ ಲಡಾಖ್ ಇಕಲಾಜಿಕಲ್ ಡೆವಲಪ್‌ಮೆಂಟ್ ಗ್ರೂಪ್ ಅಂಥ ಗೋಡೆಗಳನ್ನೂ ಹಸಿರುಮನೆಗಳನ್ನೂ ಪರಿಚಯಿಸಿತು. ಫ್ರಾನ್ಸ್ ಮೂಲದ ಜೆರೆಸ್ ಸಂಸ್ಥೆ ಸ್ಥಳೀಯ ಸಂಘಟನೆಗಳ ಜೊತೆ ಸೇರಿ ಮಾದರಿಯನ್ನು ತಿದ್ದಿತೀಡಿ ಲಡಾಖ್ ಮತ್ತು ಸ್ಪಿತಿಯ ಹಳ್ಳಿಗಳಲ್ಲಿ ನೂರಾರು ಮನೆಗಳನ್ನು ಕಟ್ಟಿಸಿತು. 2009ರಲ್ಲಿ ಈ ಕೆಲಸಕ್ಕೆ ಬ್ರಿಟನ್‌ನ ಆಶ್ಡೆನ್ ಪ್ರಶಸ್ತಿ ಬಂತು. ಇಟ್ಟಿಗೆ, ಕಲ್ಲು, ಮರ, ಕೂಲಿ ಮನೆಯವರದು. ಪಾಲಿಥಿನ್‌ನಂಥ ಹೊರಗಿನಿಂದ ತರಬೇಕಾದ ಸಾಮಗ್ರಿಗೆ ಯೋಜನೆಯ ನೆರವು. ಸ್ಥಳೀಯ ಗಾರೆಯವರೂ ಬಡಗಿಗಳೂ ತರಬೇತಿ ಪಡೆದದ್ದರಿಂದ ದುರಸ್ತಿಗೆ ಹೊರಗಿನವರನ್ನು ಕಾಯಬೇಕಾಗಲಿಲ್ಲ. ಮನೆಬಳಕೆಯ ಹಸಿರುಮನೆಯ ಸಾಮಾನ್ಯ ಅಳತೆ 32 ಅಡಿ ಉದ್ದ, 16ರಿಂದ 18 ಅಡಿ ಅಗಲ. ಸೋನಮ್ ವಾಂಗ್ಚುಕ್ ಮತ್ತು ಸಂಗಡಿಗರು 1988ರಲ್ಲಿ ಕಟ್ಟಿದ ಸೆಕ್‌ಮೋಲ್ ಸಂಸ್ಥೆಯ ಫೇ ಆವರಣದಲ್ಲಿ ಇದೇ ತತ್ತ್ವ ವಾಸದ ಕಟ್ಟಡಕ್ಕೂ ಬಂದಿದೆ. ದಕ್ಷಿಣದ ಗೋಡೆಗೆ ತಾಗಿಸಿದ ಹಸಿರುಮನೆ ಒಳಗಿನ ಕೋಣೆಗಳನ್ನೂ ಬೆಚ್ಚಗಿಡುತ್ತದೆ.

ಇದೇ ತತ್ತ್ವದ ಅತಿದೊಡ್ಡ ಬಳಕೆ ಚೀನಾದಲ್ಲಿದೆ. ಲಿಯಾವೊನಿಂಗ್ ಪ್ರಾಂತದಲ್ಲಿ 1980ರ ದಶಕದಲ್ಲಿ ರೂಪ ತಳೆದ, ಶಾಂಡಾಂಗ್‌ನ ಶೌಗುವಾಂಗ್‌ನಲ್ಲಿ ದಶಕದ ಕೊನೆಗೆ ನೆಲೆಯೂರಿದ ಮಣ್ಣುಗೋಡೆಯ ಹಸಿರುಮನೆಗಳು ಕಲ್ಲಿದ್ದಲು ಸುಡದೆ ಚಳಿಗಾಲದಲ್ಲಿ ಸೌತೆ ಬೆಳೆದವು. ಸಂಜೆ ಹಾಳೆಯ ಮೇಲೆ ಹುಲ್ಲಿನ ಚಾಪೆ ಉರುಳಿಸಿ ಮುಚ್ಚುವುದು, ಬೆಳಗ್ಗೆ ಸುತ್ತಿ ತೆಗೆಯುವುದು ಅಲ್ಲಿನ ಕ್ರಮ. ಈಗ ಆ ಕೆಲಸವನ್ನು ಮೋಟಾರ್‌ಗಳು ಮಾಡುತ್ತವೆ. ಗೋಡೆಯ ಬುಡ ಹಲವು ಮೀಟರ್ ದಪ್ಪವಿದ್ದು ಫಲವತ್ತಾದ ನೆಲ ನುಂಗುವುದು ಅವುಗಳ ಕೊರತೆ.

ಮಿತಿಗಳು

ಮೋಡ ಕವಿದು ಮೂರು ನಾಲ್ಕು ದಿನ ಬಿಸಿಲು ಬಾರದಿದ್ದರೆ ಗೋಡೆ ಖಾಲಿಯಾಗುತ್ತದೆ. ಬಿಸಿಲಿನ ಕಾವನ್ನೇ ನಂಬಿದ ಮನೆ ಬಿಸಿಲಿರುವ ನಾಡಿಗೆ ಮಾತ್ರ ಸರಿ. ಅಷ್ಟೇ ಚಳಿಯಿದ್ದರೂ ಚಳಿಗಾಲವೆಲ್ಲ ಮೋಡ ಮುಸುಕುವ ಪ್ರದೇಶಗಳಲ್ಲಿ ಇದೇ ಮಾದರಿ ಸೋಲುತ್ತದೆ. ನೇರಳಾತೀತ ಕಿರಣ ತಾಳುವ ಹಾಳೆಯೂ ಎತ್ತರದ ಕಡು ಬಿಸಿಲಿಗೆ, ಗಾಳಿಗೆ ಕೆಲವು ವರ್ಷಗಳಲ್ಲಿ ಸವೆದು ಬದಲಿಸಬೇಕಾಗುತ್ತದೆ. ಹಳೆಯ ಹಾಳೆಯನ್ನು ಊರಾಚೆ ಎಸೆಯದೆ ಮರಳಿ ಕಳಿಸುವ ವ್ಯವಸ್ಥೆ ಅಗತ್ಯ. ಒಣಹವೆಗೆ ಕಟ್ಟಿದ ಮಣ್ಣಿನ ಗೋಡೆ, ಮಾಡುಗಳಿಗೆ ಜೋರುಮಳೆ ಶತ್ರು. ಲೇಹ್‌ನಲ್ಲಿ 2010ರ ಆಗಸ್ಟ್‌ನ ಮೇಘಸ್ಫೋಟ ಅಂಥ ಮಳೆಯೂ ಬರಬಹುದೆಂದು ತೋರಿಸಿತು. ಕಲ್ಲಿನ ಬುನಾದಿ, ಮುಂಚಾಚಿದ ಮಾಡು, ನೀರು ಹರಿದುಹೋಗುವ ಕಾಲುವೆ ಈಗ ಐಚ್ಛಿಕ ಸಂಗತಿಗಳಲ್ಲ.

ಕರ್ನಾಟಕದ ಪಾಲಿಹೌಸ್‌ಗಳ ಸಮಸ್ಯೆ ಇದಕ್ಕೆ ತದ್ವಿರುದ್ಧ. ಬೆಂಗಳೂರಿನಲ್ಲಿ ಡಿಸೆಂಬರ್‌ನ ನಡುಹಗಲಿನ ಸೂರ್ಯನೂ 53 ಡಿಗ್ರಿ ಮೇಲಿರುತ್ತಾನೆ. ಇಲ್ಲಿ ದೊಣ್ಣೆ ಮೆಣಸು, ಜರ್ಬೆರಾ ಬೆಳೆಯುವವರಿಗೆ ಕಾವನ್ನು ಹೊರಹಾಕುವುದೇ ಚಿಂತೆ. ಲಡಾಖ್‌ನ ಗೋಡೆಯನ್ನು ಇಲ್ಲಿ ಕಟ್ಟುವುದು ವ್ಯರ್ಥ. ಬದಲಿಗೆ ಅದರ ವಿಚಾರಕ್ರಮವನ್ನು ತರಬಹುದು: ಸೂರ್ಯನ ದಾರಿ ಯಾವುದು, ಗಾಳಿ ಯಾವ ಕಡೆಯಿಂದ, ನೆರಳು ಎಲ್ಲಿ ಎಂಬುದನ್ನು ಮೊದಲು ಗಮನಿಸಿ, ಯಂತ್ರದ ಬಗ್ಗೆ ಆಮೇಲೆ ಯೋಚಿಸುವುದು.

ಚಳಿಯ ನಾಡಿನಲ್ಲಿ ಹಸಿರುಮನೆ ಕಟ್ಟಬಯಸುವವರು ಹಣ ಹಾಕಬೇಕಾದ ಅನುಕ್ರಮ ಹೀಗಿದೆ: ಮೊದಲು ದಕ್ಷಿಣದ ಮುಖ ಮತ್ತು ನೆರಳಿಲ್ಲದ ನಿವೇಶನ, ಅನಂತರ ಶಾಖತಡೆಯುಳ್ಳ ದಪ್ಪ ಗೋಡೆ ಮತ್ತು ಮುಚ್ಚಿದ ಉತ್ತರದ ಮಾಡು, ಆಮೇಲೆ ರಾತ್ರಿಯ ಪರದೆ. ಇವಿಷ್ಟೂ ಸರಿಯಾದ ಮೇಲೆ ಮಾತ್ರ ಪೀಪಾಯಿ, ಕೊಳವೆ, ಫ್ಯಾನ್‌ಗಳ ಮಾತು. ಸರ್ಕಾರಿ ಸಹಾಯಧನವೂ ಹಾಳೆ ಮತ್ತು ಚೌಕಟ್ಟಿಗಷ್ಟೇ ನಿಲ್ಲದೆ ಗೋಡೆಗೂ ಪರದೆಗೂ ಸಿಗಬೇಕು. ಜನವರಿಯ ಸೊಪ್ಪನ್ನು ಕಾಯುವುದು ಅವೇ.